ನಾಲ್ಕು ಗಂಟೆಗೆ ಬರುತ್ತಿದ್ದ ಟಗರು

ದೆವ್ವ, ಮಾಟ, ಶಾಪ ಎಂಬ ಮಾತು ಬಂದರೆ ಎದ್ದು ಹೋಗುವ ಪೈಕಿ ನಾನು. ನನ್ನ ಕೆಲಸವೂ ಹಾಗೇ ಇತ್ತು. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಪಡುವಣ ಅಂಚಿನ ಒಂದು ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದೆ. ಹಸು ಹಾಲು ಬತ್ತಿಸಿಕೊಂಡರೆ ಯಾರದೋ ಕಣ್ಣು ಬಿದ್ದಿದೆ ಎಂದು ಬರುವವರಿಗೆ ಕೆಚ್ಚಲಿನ ಬಾವು ತೋರಿಸಿ, 'ಕಣ್ಣಲ್ಲ ಕಣ್ರೀ, ಕೀವು' ಎಂದು ಗದರಿಸುತ್ತಿದ್ದವನು. ಅಂಥವನು ಇದನ್ನು ಬರೆಯಲು ಕುಳಿತಿದ್ದೇನೆ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಾನೇ ನಿಮ್ಮ ಜಾಗದಲ್ಲಿದ್ದಿದ್ದರೆ ನಂಬುತ್ತಿರಲಿಲ್ಲ.

ಆಗ ವಿಜಯನಗರದಲ್ಲಿ ನನಗೊಂದು ಬಾಡಿಗೆ ಕೋಣೆಯಿತ್ತು. ಮನೆಗಳು ಅಲ್ಲೊಂದು ಇಲ್ಲೊಂದು ಏಳುತ್ತಿದ್ದವು, ಅವುಗಳ ನಡುವೆ ಇನ್ನೂ ರಾಗಿ ಹೊಲ. ಮಧ್ಯಾಹ್ನದ ಊಟ ಮುಗಿಸಿ ಸೈಕಲ್ ಹತ್ತಿ ನಾಗರಭಾವಿ, ಉಲ್ಲಾಳದ ಕಡೆ ದನಕರುಗಳಿಗೆ ಚುಚ್ಚುಮದ್ದು ಕೊಟ್ಟು ಬರುತ್ತಿದ್ದೆ. ಉಲ್ಲಾಳಕ್ಕೆ ಹೋಗುವ ದಾರಿಯಲ್ಲಿ ಗಂಗಣ್ಣ ಎಂಬವನ ಸಾರಾಯಿ ಅಂಗಡಿ. ನಾನು ಕುಡಿಯುವವನಲ್ಲ. ಆದರೂ ಅಲ್ಲಿ ಸೈಕಲ್ ನಿಲ್ಲಿಸುತ್ತಿದ್ದೆ. ಗಂಗಣ್ಣ ಎದ್ದು ನಿಂತು 'ಬನ್ನಿ ಡಾಕ್ಟ್ರೇ' ಎನ್ನುತ್ತಿದ್ದ. ಆಸ್ಪತ್ರೆಯಲ್ಲಿ ನನ್ನನ್ನು ಯಾರೂ ಡಾಕ್ಟ್ರೇ ಎನ್ನುತ್ತಿರಲಿಲ್ಲ.

ಅಲ್ಲಿಗೆ ದಿನವೂ ನಾಲ್ಕು ಗಂಟೆಗೆ ತಿಮ್ಮಯ್ಯ ಎಂಬ ಒಕ್ಕಲಿನವನು ಬರುತ್ತಿದ್ದ. ಜೊತೆಗೆ ಅವನ ಟಗರು, ಕರಿಯ. ಹಗ್ಗವಿಲ್ಲದೆ ನಾಯಿಯಂತೆ ಹಿಂದೆಯೇ ಬರುತ್ತಿತ್ತು. ಒಂದು ದಿನ ಗಂಗಣ್ಣ ತಮಾಷೆಗೆಂದು ತೆಂಗಿನ ಚಿಪ್ಪಿನಲ್ಲಿ ಒಂದು ಗುಟುಕು ಸಾರಾಯಿ ಬಗ್ಗಿಸಿ ಅದರ ಮುಂದಿಟ್ಟ. ಅದು ಮೂಸಿತು, ಸೀನಿತು, ಹಿಂದೆ ಸರಿಯಿತು, ಮತ್ತೆ ಬಂದು ಹೀರಿತು. ಆಮೇಲೆ ಮುಂಗಾಲು ಮಡಿಸಿ ಕುಳಿತುಬಿಟ್ಟಿತು. ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

"ಡಾಕ್ಟ್ರೇ, ಇದಕ್ಕೇನಾದ್ರೂ ಆಗುತ್ತಾ?" ಎಂದು ಗಂಗಣ್ಣ ಕೇಳಿದ.

"ಏನೂ ಆಗಲ್ಲ ಬಿಡಿ ಗಂಗಣ್ಣ. ಈಚಲ ಮರಕ್ಕೆ ಕಟ್ಟಿದ ಮಡಕೆಗೆ ಮಂಗಗಳು ಬಾಯಿ ಹಾಕಲ್ವಾ? ಕೊಳೆತ ಹಲಸಿನ ಹಣ್ಣು ತಿಂದು ಹಸುಗಳು ತೂರಾಡಲ್ವಾ? ನಾನೇ ನೋಡಿದೀನಿ. ಪ್ರಾಣಿಗಳಿಗೂ ಅಮಲು ಬೇಕು ಕಣ್ರೀ," ಎಂದೆ.

ಇದನ್ನು ನಾನು ಹೇಳಿದ್ದು ನಿಜ. ಮಂಗ ಎಲ್ಲೋ ಒಂದು ದಿನ ಮಡಕೆಗೆ ಬಾಯಿ ಹಾಕುವುದಕ್ಕೂ, ಮನೆಯ ಟಗರಿಗೆ ದಿನಾ ಹೊತ್ತಿಗೆ ಸರಿಯಾಗಿ ಕುಡಿಸುವುದಕ್ಕೂ ಇರುವ ವ್ಯತ್ಯಾಸ ನನಗೆ ತಿಳಿಯದ್ದೇನಲ್ಲ. ನಾಲ್ಕು ಜನರ ಮುಂದೆ ಡಾಕ್ಟ್ರೇ ಎನಿಸಿಕೊಂಡವನ ಬಾಯಲ್ಲಿ ಬಂದ ಮಾತು ಅದು. ಅಂದಿನಿಂದ ತಿಮ್ಮಯ್ಯನ ಜೊತೆ ಕರಿಯನಿಗೂ ದಿನಾ ಒಂದು ಚಿಪ್ಪು ನಡೆಯಿತು.

ಒಂದು ವರ್ಷದೊಳಗೆ ತಿಮ್ಮಯ್ಯ ಹೊಟ್ಟೆ ಊದಿ ಸತ್ತ. ಟಗರು ಮಾತ್ರ ನಾಲ್ಕು ಗಂಟೆಗೆ ಬರುವುದನ್ನು ಬಿಡಲಿಲ್ಲ. ತಿಮ್ಮಯ್ಯನ ಹೆಂಡತಿ ಕೆಂಪಮ್ಮ ಅದನ್ನು ಹಗ್ಗದಲ್ಲಿ ಕಟ್ಟಿದಳು, ಕಿತ್ತುಕೊಂಡು ಬಂತು. ಕೊಟ್ಟಿಗೆಯಲ್ಲಿ ಕೂಡಿದಳು, ಬಾಗಿಲಿಗೆ ಗುದ್ದಿ ಗುದ್ದಿ ಹಲಗೆ ಒಡೆದು ಬಂತು. ಅಂಗಡಿ ತೆರೆಯುವುದು ತಡವಾದರೆ ಅಂಗಡಿಯ ಬಾಗಿಲಿಗೂ ಗುದ್ದುತ್ತಿತ್ತು. ಕೊನೆಗೆ ಗಂಗಣ್ಣ ಅದನ್ನು ತನ್ನ ಹಿತ್ತಿಲಲ್ಲೇ ಕಟ್ಟಿಕೊಂಡ. ಟಗರಿನ ಕಾಳಗಕ್ಕೆ ತಯಾರು ಮಾಡಿದ. ಕುಡಿಸಿ ಬಿಟ್ಟರೆ ಅದರೆದುರು ಯಾವ ಟಗರೂ ನಿಲ್ಲುತ್ತಿರಲಿಲ್ಲ. ಕೆಂಗೇರಿಯವರೆಗೂ ಅದರ ಹೆಸರು ಹಬ್ಬಿತು.

ಕೆಂಪಮ್ಮ ಕೇಳಲು ಬಂದ ದಿನ ನಾನು ಅಲ್ಲೇ ಬೆಂಚಿನ ಮೇಲೆ ಕುಳಿತಿದ್ದೆ. ಕಪ್ಪಗೆ, ತೆಳ್ಳಗೆ, ಗಟ್ಟಿ ಮೈಯ ಹೆಂಗಸು. ಅವಳು ಕಿರುಚಾಡಲಿಲ್ಲ.

"ಗಂಗಣ್ಣ, ನನ್ನ ಟಗರು ಬಿಡು."

"ನಾನೇನ್ ಹಿಡ್ಕೊಂಡು ಬಂದ್ನೇನಮ್ಮ? ಅದೇ ಬಂತು. ಕರ್ಕೊಂಡ್ ಹೋಗು, ಬಂದ್ರೆ."

ಅವಳು ಹಗ್ಗ ಹಿಡಿದು ಎಳೆದಳು. ಟಗರು ನಾಲ್ಕು ಕಾಲನ್ನೂ ಊರಿ ನಿಂತಿತು. ಅವಳು ಹಗ್ಗ ಬಿಟ್ಟಳು.

"ಗಂಡನ್ನೂ ಹಿಂಗೇ ಎಳೀತಿದ್ದೆ, ಹಿಂಗೇ ನಿಂತ್ಕೋತಿದ್ದ. ಅವನನ್ನ ತಿಂದೆ. ಇದನ್ನೂ ತಿನ್ನು. ಆದ್ರೆ ಇದು ಮನುಷ್ಯ ಅಲ್ಲ ಗಂಗಣ್ಣ, ಸುಮ್ನೆ ಸಾಯಲ್ಲ," ಎಂದಳು. ಹೊರಡುವಾಗ ನನ್ನ ಕಡೆ ತಿರುಗಿ, "ಏನೂ ಆಗಲ್ಲ ಅಂದ್ರಂತಲ್ಲ ಡಾಕ್ಟ್ರೇ," ಎಂದಳು.

ಅದಾಗಿ ಎರಡು ತಿಂಗಳಿಗೆ ಒಂದು ಭಾನುವಾರ ಕೆಂಗೇರಿ ಕಡೆಯ ಬಯಲಿನಲ್ಲಿ ದೊಡ್ಡ ಕಾಳಗವಿತ್ತು. ಬೆಳಿಗ್ಗೆಯೇ ಗಂಗಣ್ಣ ಮೋಟಾರ್ ಸೈಕಲ್ಲಿನಲ್ಲಿ ನನ್ನ ಕೋಣೆಗೆ ಬಂದ. ಟಗರು ಎರಡು ದಿನದಿಂದ ಮೇವು ಮುಟ್ಟಿಲ್ಲ, ನಡುಗುತ್ತಿದೆ ಎಂದ. ಹೋಗಿ ನೋಡಿದೆ. ಕಣ್ಣಿನ ಬಿಳಿ ಅರಿಶಿನದ ಬಣ್ಣಕ್ಕೆ ತಿರುಗಿತ್ತು. ಹೊಟ್ಟೆ ಮುಟ್ಟಿದರೆ ನರಳುತ್ತಿತ್ತು. "ಇದನ್ನ ಬಿಡಬೇಡಿ ಗಂಗಣ್ಣ," ಎಂದೆ. "ಇವತ್ತೊಂದಿನ ನಿಂತ್ರೆ ಸಾಕು ಡಾಕ್ಟ್ರೇ, ಊರೆಲ್ಲ ಬಂದಿರುತ್ತೆ, ನನ್ನ ಮರ್ಯಾದೆ ಪ್ರಶ್ನೆ," ಎಂದ. ಸ್ವಲ್ಪ ಹೊತ್ತು ಬೇಡವೆಂದೆ. ಆಮೇಲೆ ಗುಂಡಿಗೆಗೆ ಚುರುಕು ಕೊಡುವ ಇಂಜೆಕ್ಷನ್ ಒಂದನ್ನು ಚೀಲದಿಂದ ತೆಗೆದು ಟಗರಿಗೆ ಚುಚ್ಚಿದೆ. ಅಲ್ಲಿದ್ದವರು ನಾವಿಬ್ಬರೇ. ಇದನ್ನು ಇಲ್ಲಿಯವರೆಗೆ ನಾನು ಯಾರಿಗೂ ಬರೆದು ತಿಳಿಸಿಲ್ಲ.

ಕರಿಯ ಗೆದ್ದಿತು. ಎದುರಿನ ಟಗರು ತಲೆ ಕೊಡವಿ ಓಡಿಹೋಯಿತು, ಜನ ಕೇಕೆ ಹಾಕಿದರು. ಕರಿಯ ಮಾತ್ರ ಇನ್ನೂ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಿತ್ತು, ಮತ್ತೆ ಓಡಿಬಂದು ಗುದ್ದುವುದಕ್ಕೆ. ಹಾಗೆಯೇ ಮಂಡಿಯೂರಿ ಮಗ್ಗುಲಾಯಿತು. ನಾನು ಓಡಿಹೋಗಿ ಎದೆಗೆ ಸ್ಟೆತಾಸ್ಕೋಪ್ ಇಟ್ಟೆ. ಬಡಿತವಿರಲಿಲ್ಲ. ಕಣ್ಣ ಗುಡ್ಡೆ ಮುಟ್ಟಿದೆ, ರೆಪ್ಪೆ ಅಲುಗಲಿಲ್ಲ. ಅದು ಸತ್ತಿತ್ತು. ಈ ಒಂದು ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ.

ಕೊಯ್ದು ಹಂಚೋಣ ಎಂದು ಯಾರೋ ಅಂದರು. ಅಷ್ಟರಲ್ಲಿ ಕೆಂಪಮ್ಮ ಎತ್ತಿನ ಗಾಡಿ ಹೊಡೆಸಿಕೊಂಡು ಬಂದಳು. ಅವಳಿಗೆ ಯಾರು ಹೇಳಿದರೋ ಗೊತ್ತಿಲ್ಲ. ಅವಳ ಮುಖ ನೋಡಿ ಯಾರೂ ಅಡ್ಡ ಬರಲಿಲ್ಲ. ಹೆಣವನ್ನು ಗಾಡಿಗೆ ಎತ್ತಲು ನಾನು ಕೈ ಕೊಟ್ಟೆ, ಗಾಡಿಯ ಹಿಂದೆ ಸೈಕಲ್ ತಳ್ಳಿಕೊಂಡು ಅವಳ ಹೊಲದವರೆಗೂ ಹೋದೆ. ಮೂರಡಿ ಗುಂಡಿ ತೋಡಿ ಹೂತೆವು. ಕೊನೆಯ ಹಿಡಿ ಮಣ್ಣು ಹಾಕುವಾಗ ಅವಳು ಬಗ್ಗಿ, ನೆಂಟರನ್ನು ಬಾಗಿಲವರೆಗೆ ಬಂದು ಬೀಳ್ಕೊಡುವವಳಂತೆ, "ಹೋಗಿ ಬಾ ಕರಿಯ," ಎಂದಳು. ಸತ್ತವರಿಗೆ ಯಾರೂ ಹಾಗೆ ಹೇಳುವುದಿಲ್ಲ. ದುಃಖದಲ್ಲಿ ಬಾಯಿತಪ್ಪಿ ಬಂದ ಮಾತೆಂದುಕೊಂಡೆ.

ಐದನೆಯ ದಿನ ಗಂಗಣ್ಣ ಆಸ್ಪತ್ರೆಗೇ ಬಂದ. ಮುಖದಲ್ಲಿ ರಕ್ತವಿರಲಿಲ್ಲ. ನಾಲ್ಕು ಗಂಟೆಗೆ ಸರಿಯಾಗಿ ಅಂಗಡಿಯ ಬಾಗಿಲಿಗೆ ಯಾರೋ ಗುದ್ದುತ್ತಾರೆ, ತೆರೆದರೆ ಯಾರೂ ಇರುವುದಿಲ್ಲ ಎಂದ. ಗಿರಾಕಿಗಳು ಬರುವುದು ನಿಂತಿತ್ತು. "ಕೆಂಪಮ್ಮ ಯಾರ ಕೈಲೋ ಮಾಡಿಸ್ತಿದಾಳೆ. ನೀವು ಓದಿದೋರು, ಬಂದು ಕೂತು ಹಿಡ್ಕೊಡಿ," ಎಂದು ಕೈ ಮುಗಿದ. ನನಗೂ ಹಾಗೇ ಅನ್ನಿಸಿತ್ತು. ಬಾಗಿಲು ಗುದ್ದಿ ಓಡುವವರನ್ನು ಹಿಡಿದರಾಯಿತು ಎಂದು ಹೊರಟೆ.

ಅಂದು ಚೆನ್ನಾಗಿ ಬಿಸಿಲಿತ್ತು. ಅಂಗಡಿಯಲ್ಲಿ ನಾವಿಬ್ಬರೇ. ಗಂಗಣ್ಣ ಒಂದು ಹನಿಯನ್ನೂ ಮುಟ್ಟಿರಲಿಲ್ಲ, ನಾನು ಬಾಯಿ ಮೂಸಿ ನೋಡಿದ್ದೆ. ಬಾಗಿಲನ್ನು ಬೇಕೆಂದೇ ಪೂರ್ತಿ ತೆರೆದಿಟ್ಟೆ. ರಸ್ತೆಯ ಆಚೆ ಹೊಂಗೆ ಮರದ ಕೆಳಗೆ ಕೆಂಪಮ್ಮ ಕುಳಿತಿದ್ದಳು. ದಿನಾ ಬಂದು ಅಲ್ಲೇ ಕೂರುತ್ತಾಳೆ ಎಂದು ಗಂಗಣ್ಣ ಪಿಸುಗುಟ್ಟಿದ. ಸುತ್ತ ಬೇರೆ ಯಾರೂ ಇರಲಿಲ್ಲ. ಗಂಗಣ್ಣನಿಗೆ ಏನನ್ನಿಸಿತೋ, ಚಿಪ್ಪಿನ ತುಂಬ ಸಾರಾಯಿ ತಂದು ಹೊಸ್ತಿಲ ಒಳಗೆ ಇಟ್ಟ. "ಕುಡ್ಕೊಂಡು ಹೋಗ್ಲಿ," ಎಂದ. ನನಗೆ ನಗು ಬಂತು.

ನಾಲ್ಕಾಯಿತು. ಮೊದಲು ಬಂದದ್ದು ವಾಸನೆ. ಬೆವರಿದ ಉಣ್ಣೆಯ ವಾಸನೆ, ನನ್ನ ಕೆಲಸದಲ್ಲಿ ದಿನಾ ಮೂಗಿಗೆ ಬೀಳುವಂಥದ್ದು. ಆಮೇಲೆ ಚಿಪ್ಪಿನ ಸಾರಾಯಿ ಅಲುಗಿತು. ಗಾಳಿ ಇರಲಿಲ್ಲ. ನಾನು ಎರಡು ಮಾರು ದೂರದಲ್ಲಿದ್ದೆ. ಕುರಿ ನೀರು ಹೀರುವಾಗ ಆಗುವ ಸಣ್ಣ ಸದ್ದಿನ ಜೊತೆಗೆ ಚಿಪ್ಪಿನಲ್ಲಿದ್ದುದು ಇಳಿಯುತ್ತಾ ಬಂದು ತಳ ಕಾಣಿಸಿತು. ಚಿಪ್ಪು ಒಂದು ಸಲ ಹೊರಳಿ ನಿಂತಿತು.

ಆಮೇಲೆ ಗೊರಸಿನ ಸದ್ದು. ಕಲ್ಲಹಾಸಿನ ಮೇಲೆ, ಒಂದೊಂದೇ ಹೆಜ್ಜೆಯಾಗಿ, ಹಿಂದಕ್ಕೆ. ಕಾಳಗ ನೋಡಿದವರಿಗೆ ಅದರ ಅರ್ಥ ಗೊತ್ತು. ಗಂಗಣ್ಣನಿಗೆ ನನಗಿಂತ ಮೊದಲೇ ಗೊತ್ತಾಯಿತು. "ಕರಿಯ, ಬ್ಯಾಡ ಕಣೋ," ಎಂದು ಮಗುವಿಗೆ ಹೇಳುವಂತೆ ಹೇಳಿದ. ಸದ್ದು ನಿಂತಿತು. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಮತ್ತೆ ಓಡಿ ಬಂದದ್ದು ಕೇಳಿಸಿತು. ಗಂಗಣ್ಣ ನಿಂತಲ್ಲಿಂದ ಎಗರಿ ಹಿಂದಿನ ಪೀಪಾಯಿಗಳ ಮೇಲೆ ಹೋಗಿ ಬಿದ್ದ. ಪೀಪಾಯಿ ಸೀಳಿ ಸಾರಾಯಿ ನೆಲದ ತುಂಬ ಹರಿಯಿತು. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ.

ಆಮೇಲೆ ಗೊರಸು ನನ್ನ ಕಡೆ ತಿರುಗಿತು. ನಾಲ್ಕು ಹೆಜ್ಜೆ. ನನ್ನ ಮಂಡಿಗೆ ಬಿಸಿ ಉಸಿರು ತಾಗಿತು. ನಾನು ಅಲುಗಲಿಲ್ಲ, ಅಲುಗಲು ಆಗಲೂ ಇಲ್ಲ. ಎಷ್ಟು ಹೊತ್ತು ಹಾಗಿದ್ದೆನೋ ತಿಳಿಯದು. ತಲೆ ಎತ್ತಿದಾಗ ರಸ್ತೆಯಾಚೆ ಕೆಂಪಮ್ಮ ಎದ್ದು ಸೆರಗಿಗೆ ಹತ್ತಿದ ಮಣ್ಣು ಕೊಡವಿಕೊಂಡು ಹೊರಡುತ್ತಿದ್ದಳು.

ಗಂಗಣ್ಣನ ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು. ಜಾರಿ ಬಿದ್ದೆ ಎಂದು ಆಸ್ಪತ್ರೆಯಲ್ಲಿ ಬರೆಸಿದ. ಅಂಗಡಿ ಮತ್ತೆ ತೆರೆಯಲಿಲ್ಲ. ಅವನು ಮತ್ತೆ ನೆಟ್ಟಗೆ ನಡೆಯಲೂ ಇಲ್ಲ. ಹೆದರಿಕೆಗೆ ಹಿಂದಕ್ಕೆ ನೆಗೆದು ಬಿದ್ದಿರಬಹುದು, ಚಿಪ್ಪು ಸೋರುತ್ತಿದ್ದಿರಬಹುದು, ನನಗೂ ಭ್ರಮೆ ಹತ್ತಿರಬಹುದು ಎಂದೆಲ್ಲ ಲೆಕ್ಕ ಹಾಕಿದ್ದೇನೆ. ಚಿಪ್ಪನ್ನು ಮನೆಗೆ ತಂದು ನೀರು ತುಂಬಿಟ್ಟು ನೋಡಿದೆ. ಬೆಳಗಾದರೂ ಒಂದು ಹನಿ ಸೋರಿರಲಿಲ್ಲ.

ತಿಂಗಳಾದ ಮೇಲೆ ತಡೆಯಲಾರದೆ ಕೆಂಪಮ್ಮನ ಮನೆಗೆ ಹೋದೆ. ಅವಳು ಜಗುಲಿಯ ಮೇಲೆ ರಾಗಿ ಕೇರುತ್ತಿದ್ದಳು. ಹಿಂದಿನ ದಿನವಷ್ಟೇ ಗಂಗಣ್ಣ ಮಂಚದ ಮೇಲೆ ಹೊರಿಸಿಕೊಂಡು ಬಂದು ತಪ್ಪಾಯ್ತು ಎಂದು ಅತ್ತು ಹೋಗಿದ್ದನಂತೆ.

"ಏನಂದಿರಿ ಅವನಿಗೆ?" ಎಂದೆ.

"ನೋವು ಬಿಡೋದು ಯಾವಾಗ ಅಂದ. ನನ್ ಗಂಡ ಮೂರು ತಿಂಗಳು ನರಳಿದ, ಅಲ್ಲೀಗಂಟ ಕೇಳ್ಬೇಡ ಅಂದೆ."

ಇಂಜೆಕ್ಷನ್ನಿನ ವಿಷಯವನ್ನು ಅವಳಿಗೆ ಹೇಳಿಬಿಟ್ಟೆ. ಅವಳು ಮೊರ ನಿಲ್ಲಿಸಲಿಲ್ಲ.

"ಗೊತ್ತು," ಎಂದಳು.

"ಯಾರು ಹೇಳಿದ್ರು?"

ಅವಳು ರಾಗಿಯಲ್ಲಿದ್ದ ಒಂದು ಕಲ್ಲು ಹೆಕ್ಕಿ ಎಸೆದಳು.

"ಮತ್ತೆ ನನ್ನನ್ನ ಯಾಕೆ ಬಿಡ್ತಮ್ಮ?"

ಅವಳು ಆಗ ನನ್ನ ಮುಖ ನೋಡಿದಳು. ಅದರಲ್ಲಿ ಕೋಪವಿರಲಿಲ್ಲ, ಕರುಣೆಯೂ ಇರಲಿಲ್ಲ. "ಬಿಡ್ತು ಅಂತ ನಿಮಗ್ಯಾರು ಹೇಳಿದ್ದು ಡಾಕ್ಟ್ರೇ?" ಎಂದು ಹೊಟ್ಟನ್ನು ಗಾಳಿಗೆ ತೂರಿದಳು.

ಆ ವರ್ಷವೇ ಬೇಡಿಕೊಂಡು ಬೇರೆ ಊರಿಗೆ ವರ್ಗ ಮಾಡಿಸಿಕೊಂಡೆ. ಮದುವೆಯಾಯಿತು, ಮಕ್ಕಳಾದವು, ನಿವೃತ್ತನೂ ಆದೆ. ಇಲ್ಲಿಯವರೆಗೆ ನನಗೆ ಏನೂ ಆಗಿಲ್ಲ.