ಐಲ್ಸಾಳ ಜೇಡದ ಬಣ್ಣ

ಬಬಿಂಡಾ ಎಂಬ ಊರಿನ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮುಂದೆ ತನ್ನ ಪ್ರಾಯವನ್ನೆಲ್ಲ ಬೇಯಿಸಿಕೊಂಡ ಕ್ಲಾರಿ ವಾಸ್ಪರ್‌ಗೆ ಹುಟ್ಟಿನಿಂದಲೇ ಬಣ್ಣಗುರುಡು. ಹಸಿರು, ಕೆಂಪು, ಕಂದು ಮೂರೂ ಅವನ ಪಾಲಿಗೆ ಒಂದೇ ತಾಯಿಯ ಮಕ್ಕಳು. ಅವನು ಮೊದಲು ಎಲೆಕ್ಟ್ರಿಷಿಯನ್ ಆಗಲು ಹೊರಟವನು. ತಂತಿಗಳ ಬಣ್ಣ ಹೇಳು ಎಂದು ಪರೀಕ್ಷೆ ಮಾಡಿದವರಿಗೆ ಅವನ ಉತ್ತರ ಕೇಳಿಯೇ ಶಾಕ್ ಹೊಡೆದು, ಬಾಯ್ಲರಿನ ಕಡೆಗೆ ಕೈ ತೋರಿಸಿ ಕಳಿಸಿದರು. ಬೆಂಕಿ ಯಾವ ಬಣ್ಣದ್ದಾದರೇನು, ಸುಡುವುದು ಒಂದೇ ತರ.

ಅವನ ಹೆಂಡತಿ ಐಲ್ಸಾಳಿಗೆ ಜೇಡದ ಹುಚ್ಚು. ಶಾಲೆಯ ಕ್ಯಾಂಟೀನಿನಲ್ಲಿ ಮಕ್ಕಳಿಗೆ ಮಾಂಸದ ಪೈ ಬಿಸಿ ಮಾಡಿ ಕೊಡುವುದು ಅವಳ ಕೆಲಸ. ಉಳಿದ ಹೊತ್ತೆಲ್ಲ ಜೇಡಗಳದು. ದೊಡ್ಡ ಊರಿನ ಮ್ಯೂಸಿಯಂನವರು ಖಾಲಿ ಗಾಜಿನ ಕೊಳವೆಗಳನ್ನು ಕಳಿಸುತ್ತಿದ್ದರು, ಅವಳು ಅವನ್ನು ತುಂಬಿಸಿ ವಾಪಸು ಕಳಿಸುತ್ತಿದ್ದಳು. ಸ್ಪಿರಿಟ್ಟಿಗೆ ಹಾಕುವ ಮುಂಚೆ ಪ್ರತಿಯೊಂದನ್ನೂ ಜೀವಂತ ಕೂರಿಸಿ ನೀರುಬಣ್ಣದಲ್ಲಿ ಚಿತ್ರ ಬರೆಯುವುದು ಅವಳ ಪದ್ಧತಿ. ಸ್ಪಿರಿಟ್ ಜೇಡದ ಮೈ ಉಳಿಸುತ್ತದೆ, ಬಣ್ಣ ಉಳಿಸುವುದಿಲ್ಲ. ಪಕ್ಕದ ಮನೆಯ ಡೆಸ್, ಬಾಳೆತೋಟ ಮಾರಿ ಬಿಯರಿಗೆ ಬದುಕನ್ನು ಅರ್ಪಿಸಿದವನು, ಇದಕ್ಕೆ ತಕರಾರು ತೆಗೆಯುತ್ತಿದ್ದ. ತಾನು ಇಷ್ಟು ವರ್ಷ ಅದರಲ್ಲೇ ಮುಳುಗಿದ್ದರೂ ಮೂಗಿನ ಬಣ್ಣ ಏರುತ್ತಲೇ ಇದೆಯಲ್ಲ ಎನ್ನುತ್ತಿದ್ದ.

ಗಂಡ ಹೆಂಡತಿ ಕೂಡಿಯೇ ಕಾಡಿಗೆ ಹೋಗುತ್ತಿದ್ದರು. ಹಸಿರೆಲೆಯ ಮೇಲೆ ಹಸಿರು ಜೇಡ ಕೂತರೆ ಕಣ್ಣು ನೆಟ್ಟಗಿರುವವರೆಲ್ಲ ಮೋಸಹೋಗುತ್ತಾರೆ. ಬಣ್ಣವೇ ಕಾಣದವನಿಗೆ ಬಣ್ಣದ ಮೋಸ ತಟ್ಟುವುದಿಲ್ಲ. ಕ್ಲಾರಿಗೆ ಕಾಣುವುದು ಆಕಾರ ಮಾತ್ರ. ಅವನು ಬೆರಳು ತೋರಿಸಬೇಕು, ಅವಳು ನೋಡಬೇಕು. ಜೇಡಕ್ಕೆ ತಕ್ಕ ಜೋಡಿ ಎಂದು ಊರು ನಗುತ್ತಿತ್ತು.

ಮದುವೆಯಾದ ಹೊಸದರಲ್ಲಿ ಅವಳು ನೋಡಿದ್ದನ್ನೆಲ್ಲ ಅವನಿಗೆ ಹೇಳುತ್ತಿದ್ದಳು. ಇದರ ಬೆನ್ನು ಹೀಗಿದೆ, ಇದರ ಹೊಟ್ಟೆಯ ಮೇಲೆ ಮಳೆ ಬಿದ್ದ ಕಬ್ಬಿನ ಗರಿಯ ಹೊಳಪಿದೆ, ಹೀಗೆ. ಒಂದು ಸಲ ರಾತ್ರಿಪಾಳಿ ಮುಗಿಸಿ ಬಂದು ಸುಸ್ತಾಗಿದ್ದ ಕ್ಲಾರಿ, "ಕಿವುಡನ ಮುಂದೆ ಕಿನ್ನರಿ ಯಾಕೆ ಬಾರಿಸ್ತೀಯ ಐಲ್ಸಾ? ಬಣ್ಣದ ಸುದ್ದಿ ನನಗೆ ಬೇಡ, ಬಿಡು" ಅಂದುಬಿಟ್ಟ. ಅವಳು ಬಿಟ್ಟಳು. ಜಗಳವಿಲ್ಲ, ಮುನಿಸಿಲ್ಲ. ಮುಂದೆ ಜೇಡಗಳ ಮಾತು ಬಂದಾಗ ಕಾಲು, ಕಣ್ಣು, ಬಲೆ ಎಲ್ಲ ಬರುತ್ತಿದ್ದವು, ಬಣ್ಣ ಬರುತ್ತಿರಲಿಲ್ಲ. ಅದು ನಿಂತುಹೋದದ್ದು ಅವನ ಗಮನಕ್ಕೂ ಬರಲಿಲ್ಲ.

ಅವರ ಕೊನೆಯ ಜೇಡ ಸಿಕ್ಕಾಗ ಐಲ್ಸಾಳಿಗೆ ಹಿಡಿದಿದ್ದ ಕಾಯಿಲೆ ಆಗಲೇ ಬಲಿತಿತ್ತು. ನಾಲ್ಕು ಹೆಜ್ಜೆಗೆ ಒಮ್ಮೆ ನಿಂತು ಹಳ್ಳದ ದಾರಿ ಇಳಿದಿದ್ದಳು. ಬೀಸಣಿಗೆ ತಾಳೆಯ ಗರಿಯ ಅಡಿಯಲ್ಲಿ, ಗರಿಗೆ ಅಂಟಿದ ಹಾಗೆ ಚಪ್ಪಟೆಯಾಗಿ ಕೂತಿದ್ದನ್ನು ಕ್ಲಾರಿ ತೋರಿಸಿದ. ಅವಳು ಭೂತಗನ್ನಡಿ ಹಿಡಿದು ನೋಡಿದಳು, ಬಹಳ ಹೊತ್ತು ನೋಡಿದಳು. ಇನ್ನೊಂದು ಕೈಯಲ್ಲಿ ಅವನ ಮಣಿಕಟ್ಟನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು.

"ಇಂಥದ್ದನ್ನ ನಾನು ನೋಡೇ ಇಲ್ಲ ಕಣೋ" ಅಂದಳು. ಅಷ್ಟೇ ಅಂದದ್ದು.

ಮನೆಗೆ ತಂದು ಜಾಡಿಯಲ್ಲಿಟ್ಟರು. ಬೆಳಿಗ್ಗೆ ಬೆಳಕು ಚೆನ್ನಾಗಿರುತ್ತದೆ, ಆಗ ಬರೆಯುತ್ತೇನೆ ಎಂದು ಬಣ್ಣದ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟಳು. ಬೆಳಿಗ್ಗೆ ಅವಳನ್ನು ಆಂಬುಲೆನ್ಸ್ ಕೇರ್ನ್ಸಿನ ಆಸ್ಪತ್ರೆಗೆ ಒಯ್ದಿತು.

ಆಸ್ಪತ್ರೆಯ ಹಾಸಿಗೆಯಿಂದ ಫೋನ್ ಮಾಡಿದವಳು ತನ್ನ ಕಾಯಿಲೆಯ ಬಗ್ಗೆ ಏನೂ ಹೇಳಲಿಲ್ಲ. "ಅದನ್ನ ಸ್ಪಿರಿಟ್ಟಿಗೆ ಹಾಕಬೇಡ ಕ್ಲಾರಿ. ನಾನು ಬಂದು ಚಿತ್ರ ಬರೀಬೇಕು. ಆಮೇಲೆ ಹಾಕೋಣ" ಅಂದಳು.

ಅವನು ಕಾದ. ನೊಣ ಹಿಡಿದು ತಿನ್ನಿಸಿದ. ಅವಳ ಬರುವಿಕೆ ಮುಂದಕ್ಕೆ ಹೋದ ಹಾಗೆ ಜಾಡಿಯ ಜೇಡ ತಿನ್ನುವುದನ್ನು ಬಿಟ್ಟಿತು, ಕಾಲುಗಳನ್ನು ಒಳಕ್ಕೆ ಮಡಚತೊಡಗಿತು. ಸತ್ತ ಜೇಡ ಸುಕ್ಕುಗಟ್ಟಿ ಮುದುಡುತ್ತದೆ, ಇರುವೆ ಮುತ್ತಿದರೆ ಅದೂ ಉಳಿಯುವುದಿಲ್ಲ ಎಂಬುದು ಜೇಡ ಸಾಕಿದ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವಳಿಗಾಗಿ ಇದನ್ನಾದರೂ ಉಳಿಸಬೇಕು ಎಂದುಕೊಂಡು ಕ್ಲಾರಿ ಅದನ್ನು ಸ್ಪಿರಿಟ್ಟಿಗೆ ಹಾಕಿದ. ಬಣ್ಣ ಬಿಡುತ್ತದೆ ಎಂಬುದು ಅವನಿಗೂ ತಿಳಿಯದ ವಿಷಯವಲ್ಲ. ಆದರೆ ಎಂದೂ ಕಾಣದ್ದು ಕಳೆದುಹೋಗುತ್ತದೆಂದು ಯಾರಿಗೆ ನೆನಪಾದೀತು? ಜೇಬಿನಲ್ಲಿ ಫೋನಿತ್ತು, ಒಂದು ಫೋಟೋ ತೆಗೆಯಬಹುದಿತ್ತು. ಮಂಕು ಗರಿಗೆ ಅಂಟಿ ಕೂತಿದ್ದ ಮಂಕು ಜೇಡದಲ್ಲಿ ಫೋಟೋ ತೆಗೆಯುವಂಥದ್ದು ಏನಾದರೂ ಇದ್ದೀತು ಎಂದು ಅವನಿಗೆ ಹೊಳೆಯಲೂ ಇಲ್ಲ.

ಐಲ್ಸಾ ಮನೆಗೆ ಬಂದಾಗ ಇನ್ನು ಮಾಡುವಂಥದ್ದೇನೂ ಇಲ್ಲ ಎಂದು ಡಾಕ್ಟರುಗಳೇ ಕಳಿಸಿದ್ದರು. ಅವನು ಕೊಳವೆ ತಂದು ಅವಳ ಕೈಗೆ ಕೊಟ್ಟ. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿದಳು.

"ಚೆನ್ನಾಗಿ ಇಟ್ಟಿದ್ದೀಯ ಕಣೋ" ಅಂದಳು. "ಒಂದು ಕಾಲೂ ಮುರಿದಿಲ್ಲ."

ಚಿತ್ರ ಬರೆಯುತ್ತೀಯಾ ಎಂದು ಕೇಳಿದ್ದಕ್ಕೆ, ಕೈ ನಡುಗುತ್ತದೆ, ಪೆಟ್ಟಿಗೆ ಒಳಗಿಡು ಎಂದಳು. ಅವನು ಒಳಗಿಟ್ಟ. ಕಬ್ಬಿನ ಕಟಾವು ಶುರುವಾಗುವ ಮುಂಚೆಯೇ ಅವಳು ಹೋದಳು.

ಅವಳ ಕೊಳವೆಗಳನ್ನೆಲ್ಲ ಕ್ಲಾರಿ ಮ್ಯೂಸಿಯಂಗೆ ಕಳಿಸಿದ. ಅಲ್ಲಿ ಜೇಡಗಳನ್ನು ನೋಡಿಕೊಳ್ಳುವ ಮಿರಿಯಂ ಚೌ ಕೆಲವು ತಿಂಗಳ ನಂತರ ಫೋನ್ ಮಾಡಿದಳು. ತಾಳೆಗರಿಯ ಹೆಣ್ಣುಜೇಡ ಲೋಕಕ್ಕೇ ಹೊಸದು, ಅದಕ್ಕೆ ಐಲ್ಸಾಳ ಹೆಸರಿಡುತ್ತೇನೆ ಎಂದಳು. ಅದರ ಕಾಲಿನ ಒಂದೊಂದು ಗಿಣ್ಣು, ಒಂದೊಂದು ಮುಳ್ಳುಗೂದಲು ಅಳೆದಾಗಿದೆ, ಕಣ್ಣುಗಳ ಸಾಲು ಬರೆದಾಗಿದೆ. ಕ್ಲಾರಿ ಕುರ್ಚಿಯ ಮೇಲೆ ಕೂತು ಎಲ್ಲವನ್ನೂ ಕೇಳಿದ. ಐಲ್ಸಾ ಸತ್ತ ಮೇಲೆ ಅವನ ಮುಖ ಸಡಿಲಾದದ್ದು ಅದೇ ಮೊದಲು.

"ಒಂದೇ ಒಂದು ಉಳಿದಿದೆ" ಅಂದಳು ಮಿರಿಯಂ. "ಬದುಕಿದ್ದಾಗ ಯಾವ ಬಣ್ಣ ಇತ್ತು? ನನ್ನ ಹತ್ತಿರ ಬಂದಿರೋದು ಪೂರ್ತಿ ಬಿಳಿಚಿಕೊಂಡಿದೆ. ಸ್ಪಿರಿಟ್ಟಿಗೆ ಹಾಕಿ ಒಂದು ವಾರದೊಳಗೇ ಹೀಗಾಗಿರುತ್ತೆ. ಐಲ್ಸಾ ಚಿತ್ರ ಬರೆದಿರಬೇಕಲ್ಲ?"

ಒಂದು ವಾರದೊಳಗೆ. ಐಲ್ಸಾ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದು ಬಿಳಿಚಿದ್ದನ್ನೇ. ಕ್ಲಾರಿ ಹುಡುಕಿ ನೋಡುತ್ತೇನೆ ಎಂದಷ್ಟೇ ಹೇಳಿ ಫೋನ್ ಇಟ್ಟ.

ಚಿತ್ರವಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವನು ಹುಡುಕಲು ಹೊರಟದ್ದು ಅಂಥದ್ದೇ ಇನ್ನೊಂದು ಜೇಡವನ್ನು. ಅಷ್ಟರಲ್ಲಿ ಚಂಡಮಾರುತವೊಂದು ಆ ಹಳ್ಳದ ಮೇಲೆ ಹಾದುಹೋಗಿತ್ತು. ತಾಳೆಗಳು ಗರಿ ಹರಿದು ಕೊಡೆಯ ಕಡ್ಡಿಗಳಂತೆ ನಿಂತಿದ್ದವು. ಬಣ್ಣ ಹೇಳಲು ಕಣ್ಣು ಬೇಕಲ್ಲ ಎಂದು ಡೆಸ್ ಜೊತೆಗೆ ಬಂದ, ಜಿಗಣೆಗಳಿಗೆ ರಕ್ತದ ಜೊತೆ ಬಿಯರನ್ನೂ ದಾನ ಮಾಡಿದ. ಚಳಿಗಾಲವಿಡೀ ಹುಡುಕಿದರು. ಬೇರೆ ಜೇಡಗಳು ಬೇಕಾದಷ್ಟು ಸಿಕ್ಕವು.

ಮಿರಿಯಂ ಮತ್ತೆ ಫೋನ್ ಮಾಡಿದ ದಿನ ಡೆಸ್ ಅಲ್ಲೇ ಕೂತಿದ್ದ. ಲೇಖನ ಅಚ್ಚಿಗೆ ಹೋಗಬೇಕು, ಇನ್ನು ಕಾಯುವಂತಿಲ್ಲ, ಐಲ್ಸಾ ಬಾಯಿಮಾತಿನಲ್ಲಿ ಹೇಳಿದ್ದರೂ ಸಾಕು, ಅವಳ ಹೆಸರಿನಲ್ಲೇ ಅದನ್ನು ಬರೆಯುತ್ತೇನೆ ಎಂದಳು ಮಿರಿಯಂ.

"ಹಸಿರು ಅನ್ನು ಮಾರಾಯ" ಎಂದು ಡೆಸ್ ಪಿಸುಗುಟ್ಟಿದ. "ಎಲೆ ಮೇಲೆ ಕೂರೋದು ಇನ್ಯಾವ ಬಣ್ಣ ಇರುತ್ತೆ? ಅವಳ ಜೇಡ ಪೂರ್ತಿಯಾಗಲಿ."

ಕ್ಲಾರಿ ಬಾಯಿ ತೆರೆದ. ಹಸಿರು ಎಂಬ ಮಾತು ಅವನಿಗೆ ಗೊತ್ತಿತ್ತು, ಯಾರೂ ಅಲ್ಲ ಎನ್ನುತ್ತಲೂ ಇರಲಿಲ್ಲ. ಆದರೆ ಐಲ್ಸಾ ತನ್ನ ಮಣಿಕಟ್ಟು ಹಿಡಿದುಕೊಂಡು ನೋಡಿದ್ದು ಬರೀ ಹಸಿರಾಗಿದ್ದರೆ, ಅಂಥದ್ದನ್ನು ನೋಡೇ ಇಲ್ಲ ಎನ್ನುತ್ತಿದ್ದಳೇ?

"ಅವಳು ಹೇಳಲಿಲ್ಲ" ಅಂದ ಮಿರಿಯಂಗೆ. "ಮೊದಲು ಹೇಳ್ತಿದ್ದಳು. ನಾನೇ ಬೇಡ ಅಂದಿದ್ದೆ. ಗೊತ್ತಿಲ್ಲ ಅಂತಲೇ ಬರೀರಿ."

ಅಚ್ಚಾದ ಪುಟಗಳು ಅಂಚೆಯಲ್ಲಿ ಬಂದವು. ಕ್ಲಾರಿ ಕನ್ನಡಕ ಹಾಕಿಕೊಂಡು ಡೆಸ್‌ಗೆ ಓದಿ ಹೇಳಿದ. ಐಲ್ಸಾಳ ಹೆಸರು ಓರೆ ಅಕ್ಷರದಲ್ಲಿತ್ತು. ಕಾಲುಗಳಾದವು, ಕಣ್ಣುಗಳಾದವು. ಆಮೇಲೆ: ಸ್ಪಿರಿಟ್ಟಿನಲ್ಲಿ ಮಂಕು ಹಳದಿಗಂದು, ಗುರುತುಗಳಿಲ್ಲ, ಬದುಕಿದ್ದಾಗಿನ ಬಣ್ಣ ತಿಳಿದಿಲ್ಲ.

ಅವನು ಆ ಸಾಲನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡ.

"ನನಗೆ ಕಂಡಿದ್ದೂ ಹೀಗೇ ಕಣೋ" ಅಂದ. "ಅವಳಿಗೆ ಕಂಡಿದ್ದನ್ನ ಬರೀಲಿ ಅಂತಿದ್ದೆ. ನನಗೆ ಕಂಡಿದ್ದೇ ಅಚ್ಚಾಯ್ತು."

ಎಲ್ಲದಕ್ಕೂ ಒಂದು ಕುಚೋದ್ಯ ಇಟ್ಟುಕೊಂಡಿರುತ್ತಿದ್ದ ಡೆಸ್ ಕೈಯಲ್ಲಿದ್ದ ಬಾಟಲಿಯನ್ನು ನೆಲಕ್ಕಿಟ್ಟು, ಮುಂದೆ ಓದು ಎಂದ. ಮುಂದೆ ಏನೂ ಇರಲಿಲ್ಲ.