ಹಗೇದವರ ವಂಶವೃಕ್ಷದಲ್ಲಿ ಹನಮವ್ವ

ಗುಡಗೇರಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಮಹಾದೇವಕ್ಕನಿಗೆ ತನ್ನ ತವರಿನ ಬಳಗ ಎಷ್ಟು ದೊಡ್ಡದೆಂದು ತಿಳಿದದ್ದು ಆ ಗಿರಣಿಯಲ್ಲಿಯೇ. ಹಿಟ್ಟಿಗಾಗಿ ಕಾಯುತ್ತ ಕುಳಿತವರು ಬೀಗರು ಬಿಜ್ಜರ ಮಾತು ತೆಗೆಯುತ್ತಾರೆ; ಮಾತು ಎಲ್ಲಿಂದಲೋ ಹೊರಟು ಕುಬಿಹಾಳದ ಹಗೇದವರ ಮನೆಗೆ ಬಂದು ಮುಟ್ಟುತ್ತದೆ. ಜೋಳ ತುಂಬಿಡಲು ನೆಲದೊಳಗೆ ತೋಡಿಸಿದ ಹಗೇವುಗಳಿಂದ ಬಂದ ಅಡ್ಡಹೆಸರು ಅದು. ಆ ಮನೆಯವರು ಈಗ ಕುಬಿಹಾಳ, ಗುಡಗೇರಿ, ಕುಂದಗೋಳಗಳಲ್ಲಿ ಹಂಚಿಹೋಗಿದ್ದಾರೆ. ಒಬ್ಬರ ಮಕ್ಕಳ ಮುಖ ಇನ್ನೊಬ್ಬರ ಮಕ್ಕಳಿಗೆ ಗೊತ್ತಿಲ್ಲ. ಇದನ್ನು ಸಹಿಸದ ಮಹಾದೇವಕ್ಕ ಕೆಲವು ವರ್ಷಗಳ ಹಿಂದೆ ಒಂದು ಪದ್ಧತಿ ಹಾಕಿದಳು: ಸುಗ್ಗಿ ಮುಗಿದ ಮೇಲೆ ಒಂದು ಭಾನುವಾರ ಎಲ್ಲರೂ ಕುಬಿಹಾಳದ ಮನೆಯಲ್ಲಿ ಸೇರಬೇಕು, ಪ್ರತಿ ಮನೆಯವರೂ ಬುತ್ತಿ ತರಬೇಕು, ವರ್ಷಕ್ಕೊಬ್ಬರು ಹೇಳುವ ಮನೆತನದ ಕಥೆ ಕೇಳದೆ ಯಾರೂ ಬುತ್ತಿಯ ಗಂಟು ಬಿಚ್ಚಬಾರದು.

ಕೊಟ್ಟ ಹೆಣ್ಣುಮಗಳು ತವರಿನ ಬಳಗ ಕಟ್ಟುವುದು ಕೆಲವರಿಗೆ ಸೋಜಿಗವೆನಿಸಿತು. ಆದರೂ ಮಹಾದೇವಕ್ಕ ಫೋನು ಮಾಡುತ್ತ ಹೋದಳು. ಬಳಗಕ್ಕೆ ಅಧ್ಯಕ್ಷನಾದವನು ಆಕೆಯ ಕಾಕಾನ ಮಗ ಸಿದ್ಧಾರೂಢ. ಕುಂದಗೋಳದಲ್ಲಿ ನೌಕರಿ, ಎಲ್ಲವೂ ಅಚ್ಚುಕಟ್ಟಾಗಿರಬೇಕೆನ್ನುವ ಸ್ವಭಾವ.

ಈ ವರ್ಷ ಅವನು ರಜೆ ಹಾಕಿ ಮನೆಮನೆ ಸುತ್ತಿ ಹಗೇದವರ ವಂಶವೃಕ್ಷವನ್ನು ಫ್ಲೆಕ್ಸಿನ ಮೇಲೆ ಅಚ್ಚು ಹಾಕಿಸಿದ್ದ. ಅದರ ಫೋಟೋ ತೆಗೆದು, ಚೌಕಟ್ಟು ಹಾಕಿ ಪ್ರತಿ ಮನೆಗೂ ಕೊಡುವುದೆಂದು ತೀರ್ಮಾನವಾಗಿತ್ತು. ಪಡಸಾಲೆಯ ಗೋಡೆಗೆ ಕಟ್ಟಿದ್ದ ಫ್ಲೆಕ್ಸನ್ನು ನೋಡಿದ ಮಹಾದೇವಕ್ಕ ಬುತ್ತಿಯನ್ನು ಕೆಳಗಿಡಲೂ ಮರೆತಳು. ತುದಿಯಲ್ಲಿ ಈರಬಸಪ್ಪ. ಅವನ ಕೆಳಗೆ ನೇರವಾಗಿ ಮೂವರು ಗಂಡುಮಕ್ಕಳು, ಅಂದರೆ ಆಕೆಯ ಅಪ್ಪ ಮತ್ತು ಕಾಕಾಂದಿರು.

"ಸಿದ್ದೂ, ಈರಬಸಪ್ಪ ಇಬ್ಬರಲೇ. ಅಜ್ಜನ ಹೆಸರ ಮೊಮ್ಮಗಗ ಇಟ್ಟಾರ. ನಡುವಿನ ಮಲಕಪ್ಪ ಎಲ್ಲಿ ಹೋದ? ಅವನ ಹೇಂತಿ ಹನಮವ್ವ ಆಯಿ ಎಲ್ಲಿ ಹೋದ್ಲು?"

"ಅಕ್ಕಾ, ನಾ ಮನಸ್ಸಿಗೆ ಬಂದಂಗ ಬರದಿಲ್ಲ. ನಮ್ಮವ್ವನ್ನ ಕೂಡಿಸ್ಕೊಂಡು ಕೇಳೇನಿ. ಪ್ಲೇಗ್ ಬಂದಾಗ ಕೂಸು ಕಟ್ಕೊಂಡು ಊರು ಬಿಟ್ಟು, ತಿರುಗಿ ಬಂದು ಹಗೇವು ತಗದು ಮನಿ ಕಟ್ಟಿದಾವ ಈರಬಸಪ್ಪ."

ಮಹಾದೇವಕ್ಕನ ಜೊತೆ ಪ್ರತಿ ವರ್ಷ ಬರುವ ಗುಡಗೇರಿಯ ಬಾಷಾಬಿ ಬಾಗಿಲಲ್ಲೇ ನಕ್ಕಳು. ಪ್ಲೇಗಿನ ವರ್ಷ ಹನಮವ್ವ ಗುಡಗೇರಿಯಲ್ಲಿ ಆಸರೆ ಪಡೆದದ್ದು ಬಾಷಾಬಿಯ ಗಂಡನ ಹಿರಿಯರ ಮಗ್ಗದ ಮನೆಯಲ್ಲಿ. "ತಮ್ಮಾ, ಆ ಕೂಸು ಅಂದ್ರ ಈರಬಸಪ್ಪ ಅಲ್ಲೋ! ತೊಟ್ಲಾಗಿನ ಕೂಸು ತನ್ನ ತಾನ ಬಗಲಾಗ ಎತ್ಕೊಂಡು ಗುಡಗೇರಿಗೆ ನಡ್ಕೋತ ಬಂತೇನು?"

ಜನ ನಕ್ಕರು. ಸಿದ್ಧಾರೂಢನ ಮುಖ ಬಿಗಿಯಿತು. "ನಗೂದಕ್ಕ ಬಾಯಿ ಸಾಕು ಕಾಕೂ, ಬರಿಯೂದಕ್ಕ ಆಧಾರ ಬೇಕು. ನಮ್ಮವ್ವನಕಿಂತ ದೊಡ್ಡವರು ಈ ಮನ್ಯಾಗ ಯಾರದಾರ?"

ಅವನ ತಾಯಿ ನೀಲವ್ವ ಕಂಬಕ್ಕೆ ಒರಗಿ ಕುಳಿತಿದ್ದಳು. ಮಹಾದೇವಕ್ಕನಿಗೆ ಮಾತ್ರ ಒಂದು ವಿಷಯ ಸ್ಪಷ್ಟವಿತ್ತು: ಇವತ್ತು ಈ ಫೋಟೋ ಮನೆಗಳ ಗೋಡೆ ಏರಿದರೆ, ಈ ಬಳಗವನ್ನು ಉಳಿಸಿದ ಹೆಂಗಸು ಹುಟ್ಟಿಯೇ ಇರಲಿಲ್ಲವೆಂದು ಮಕ್ಕಳು ನಂಬುತ್ತಾರೆ. ಬಾಲ್ಯದಲ್ಲಿ ತನ್ನ ತಲೆ ನೇವರಿಸಿ ಪ್ಲೇಗಿನ ಕಥೆ ಹೇಳಿದ್ದ ಮುತ್ತಜ್ಜಿ ಆಕೆ.

ಆಕೆ ಸಿದ್ಧಾರೂಢನೊಡನೆ ವಾದವನ್ನು ಬೆಳೆಸಲಿಲ್ಲ. ಅವನ ಹೊಸ ಸೊಸೆ ಸೌಂದರ್ಯಾಳನ್ನು ಕರೆದಳು. "ಬಾ ಯವ್ವಾ, ನಮ್ಮನಿ ಒಡಪ ಕಲಿಸ್ಯಾರಿಲ್ಲೋ? ಹೇಳು."

ಗಂಡನ, ಅವನ ಹಿರಿಯರ ಹೆಸರನ್ನು ಬರಿದೇ ಹೇಳಬಾರದಾದ್ದರಿಂದ ಹೆಂಗಸರು ಅದನ್ನು ಪ್ರಾಸದಲ್ಲಿ ಕಟ್ಟಿ ಒಡಪ ಹೇಳುತ್ತಾರೆ. ಹಗೇದವರ ಸೊಸೆಯಂದಿರಿಗೆ ಇನ್ನೊಂದು ಕಟ್ಟಳೆಯಿದೆ: ತಮ್ಮ ಗಂಡನ ಒಡಪಕ್ಕೆ ಮೊದಲು ಮನೆಯ ಹಳೆಯ ಒಡಪವನ್ನು ಹೇಳಬೇಕು. ಸೌಂದರ್ಯಾ ಸೆರಗು ಸರಿಪಡಿಸಿಕೊಂಡು ಹೇಳಿದಳು:

"ಕರಿ ಎರಿ ಹೊಲದಾಗ ಬಿಳಿಜೋಳ ಬೆಳದೈತಿ,
ತೆನಿ ಮುರಿಯೂ ಕೈಗೆ ಹಸರ ಬಳಿ ಒಪ್ಪೈತಿ,
ಮಲಕಪ್ಪರಾಯರ ಹೆಸರ ನನ್ನ ಬಾಯಾಗ ಉಳದೈತಿ."

"ಮಲಕಪ್ಪರಾಯರು ಯಾರವಾ?"

"ಗೊತ್ತಿಲ್ರಿ ಅತ್ತಿ. ಅಲ್ಲಿ ಕುಂತ ಆಯಿ ಕಲಿಸಿದ್ರು, ಕಲ್ತೀನಿ."

ಎಲ್ಲರೂ ನೀಲವ್ವನತ್ತ ತಿರುಗಿದರು. ಮಹಾದೇವಕ್ಕ ಆಕೆಯ ಎದುರು ಕುಳಿತಳು. "ಚಿಗವ್ವಾ, ಈ ಒಡಪ ಯಾರದು?"

"ಹನಮವ್ವ ಆಯೀದು. ಮತ್ತ್ಯಾರದು?" ನೀಲವ್ವ ಬೇಸರದಿಂದಲೇ ಅಂದಳು. "ಗಂಡ ಸಣ್ಣ ವಯಸ್ಸಿನ್ಯಾಗ ಹೋದ. ತನ್ನ ಹಿಂದ ಅವನ ಹೆಸರ ಉಳಿಯೂದಿಲ್ಲಂತ ನಮಗೆಲ್ಲಾ ಕಲಿಸಿದ್ಲು."

ಸಿದ್ಧಾರೂಢ ಎದ್ದು ನಿಂತ. "ಯವ್ವಾ! ಮತ್ತ ನಾ ಕೇಳಿದಾಗ ಯಾಕ ಹೇಳ್ಲಿಲ್ಲ?"

"ನೀ ಮಾವನ ಹೆಸರ ಕೇಳಿದಿ. ಮಾವನ ಹೆಸರ ನಾ ಹೆಂಗ ಹೇಳ್ಲೋ? ನಿನ್ನ ಮಗಗ ಅದ ಹೆಸರ ಐತಿ, ಅವನ ಕಡೆ ಬಟ್ಟ ಮಾಡಿದ್ನಿ. ಮಾವನ ಅಜ್ಜನ ಹೆಸರ ಕೇಳಿದಿ. ಅದೂ ಅದ ಹೆಸರ. ಮತ್ತ ಅವನ ಕಡೇನ ತೋರಿಸಿದ್ನಿ. ನೀ ಸರ್ರ್ ಅಂತ ಬರ್ಕೊಂಡು ಹೋದಿ."

"ನಡುವಿನಾಂವ?"

"ಅಕಾಲಕ್ಕ ಹೋದವನ ಹೆಸರ ಯಾರಿಗೂ ಇಡ್ಲಿಲ್ಲ. ಯಾರ ಕಡೆ ತೋರಿಸ್ಲಿ?"

ಪಡಸಾಲೆಯಲ್ಲಿ ಎದ್ದ ನಗುವಿನಲ್ಲಿ ಸಿದ್ಧಾರೂಢನ ನಗುವೂ ಸೇರಿತು. ತಾಯಿಯ ಪಕ್ಕದಲ್ಲಿ ಕುಳಿತು ಅವನು ಕೈಮುಗಿದ. "ಇದು ನಿನ್ನ ತಪ್ಪೋ ನನ್ನ ತಪ್ಪೋ ತಿಳಿವಲ್ದು ಬೇ."

ಈ ವರ್ಷದ ಕಥೆಯನ್ನು ಮಹಾದೇವಕ್ಕ ಹೇಳಿದಳು. ಪ್ಲೇಗಿಗೆ ಮಾವನೂ ಗಂಡನೂ ಹೋದ ಮೇಲೆ ಹನಮವ್ವ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಎರೆಹೊಲಗಳ ನಡುವೆ ಗುಡಗೇರಿಗೆ ನಡೆದದ್ದು. ಮಗ್ಗದ ಮನೆಯಲ್ಲಿ ನೂಲು ಸುತ್ತಿ ಹೊಟ್ಟೆ ಹೊರೆದದ್ದು. ಬೇನೆ ಇಳಿದಾಗ ಪಾಳುಬಿದ್ದ ಮನೆಗೆ ಒಬ್ಬಳೇ ಮರಳಿ, ಹಗೇವಿನ ಬಾಯಿ ಒಡೆಸಿದರೆ ಒಳಗೆ ಜೋಳ ಕೆಡದೆ ಇದ್ದದ್ದು. ಅದನ್ನು ಬಿತ್ತಿ ಮಗನನ್ನು ಬೆಳೆಸಿದ್ದು. ಮಗ್ಗದ ಮನೆಯ ಭಾಗ ಬಂದಾಗ ಬಾಷಾಬಿ ನಡುವೆ ಬಾಯಿ ಹಾಕಿ ತನ್ನ ಮನೆಯ ಮಾತನ್ನೂ ಸೇರಿಸಿದಳು.

"ಮುಂದಿನ ವರ್ಷ ಹೊಸಾದು ಮಾಡಿಸೂಣಕ್ಕಾ," ಎಂದ ಸಿದ್ಧಾರೂಢ.

"ಫೋಟೋ ಇವತ್ತ ತಗೀತಾರ. ಇವತ್ತ ಬರಿ."

ಫ್ಲೆಕ್ಸನ್ನು ಬಿಚ್ಚಿ ನೆಲಕ್ಕೆ ಹಾಸಿದರು. ಸಿದ್ಧಾರೂಢ ಮಾರ್ಕರ್ ಪೆನ್ನಿನಿಂದ ಹಳೆಯ ಗೆರೆಯನ್ನು ಹೊಡೆದುಹಾಕಿ, ಬದಿಯಲ್ಲಿ ಮಲಕಪ್ಪ ಎಂದು ಬರೆದ. ಅದರ ಜೋಡಿಗೆ ಹನಮವ್ವ ಎಂದು ಬರೆದ. ಇಬ್ಬರ ಕೆಳಗೆ ಎರಡನೆಯ ಈರಬಸಪ್ಪ ಬಂದ. ಆಗ ಸೌಂದರ್ಯಾ ಬಗ್ಗಿ ನೋಡಿ ಕೇಳಿದಳು: "ಮಾವಾರ, ಹನಮವ್ವ ಆಯೀದೊಂದ ಬಂತಲ್ರಿ. ಉಳದ ಹೆಣ್ಣುಮಕ್ಕಳ ಹೆಸರ ಎಲ್ಲಿ?"

ಅಚ್ಚಾದ ಮರದ ತುಂಬ ಗಂಡಸರೇ ಇದ್ದರು. ಹೆಂಗಸರು ಒಬ್ಬೊಬ್ಬರಾಗಿ ಸುತ್ತ ನೆರೆದರು.

"ಎಲ್ಲಾರದೂ ಬರದ್ರ ಊಟಾ ಸಂಜಿಕ ಆಕ್ಕೈತ್ರಿ!" ಹಿಂದಿನಿಂದ ಯಾರೋ ಕೂಗಿದರು.

"ಆಗಲಿ," ಎಂದಳು ಮಹಾದೇವಕ್ಕ. "ಕೂಸಿಂದ ಹಿಡದು ಎಲ್ಲಾರನೂ ಬರಿ. ಶುರು ನಿಮ್ಮವ್ವನಿಂದ ಮಾಡು."

ಸಿದ್ಧಾರೂಢ ಮೊಣಕಾಲೂರಿ, ತನ್ನ ಅಪ್ಪನ ಹೆಸರಿನ ಪಕ್ಕದಲ್ಲಿ ಇಕ್ಕಟ್ಟಾದ ಜಾಗ ನೋಡಿ, ನೀಲವ್ವ ಎಂದು ಬರೆಯತೊಡಗಿದ.