ಕೆಂಪಿಯ ಎರಡನೇ ಭಾಗ

ಅತ್ತಿಗೆ, ಕೆಂಪಿಯ ಕಥೆಯ ಎರಡನೇ ಭಾಗದ ಕೊನೆಯನ್ನು ಬದಲಾಯಿಸಿದವರು ಅಚ್ಚುಕೂಟದವರಲ್ಲ. ನಾನು. ಬೇಕೆಂದೇ, ನಿಮಗೆ ಹೇಳದೆ ಬದಲಾಯಿಸಿದೆ. ಆಮೇಲೆ ನಿಮ್ಮ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ. ನೀವು ತೀರಿಹೋಗಿ ಇಷ್ಟು ಕಾಲವಾದ ಮೇಲೆ ಒಪ್ಪಿಕೊಳ್ಳುವುದು ಹೇಡಿತನ, ಗೊತ್ತು. ನೀವು ಇದ್ದಾಗ ಬಾಯಿ ಬರಲಿಲ್ಲ.

ಇದನ್ನು ಓದುವ ಬೇರೆಯವರಿಗೂ ತಿಳಿಯಲಿ ಎಂದು ಹೇಳುತ್ತೇನೆ. ನೀವು ನಿಂಗಮ್ಮ, ನನ್ನ ಅಣ್ಣನ ಹೆಂಡತಿ. ಹೆಗ್ಗಡದೇವನಕೋಟೆ ಕಡೆಯಿಂದ ಬಿಳಿಕೆರೆ ಹತ್ತಿರದ ನಮ್ಮ ಮನೆಗೆ ಬಂದವರು. ನಿಮಗೆ ಅಕ್ಷರ ಬಾರದು. ನಾನು ಮಿಡ್ಲ್ ಸ್ಕೂಲು ಮುಗಿಸಿದವಳು, ಆ ಜಂಬ ಬೇರೆ. ಮಹಾರಾಜರು ರಾಜಪ್ರಮುಖರಾಗಿದ್ದ ಕಾಲ ಅದು. ಹೊಲದಿಂದ ಹೊಗೆಸೊಪ್ಪು ಬಂದ ದಿನ ಮನೆಯ ಹೆಂಗಸರೆಲ್ಲ ಚಪ್ಪರದಡಿ ಕೂತು, ಹಸಿ ಎಲೆಗಳನ್ನು ಒಣಗಿಸಲೆಂದು ದಾರದಲ್ಲಿ ಕಡ್ಡಿಗೆ ಕಟ್ಟುತ್ತಿದ್ದೆವು. ಕೈಯೆಲ್ಲ ಅಂಟು, ಬೆನ್ನು ಬಿದ್ದುಹೋಗುತ್ತಿತ್ತು. ಬೇಸರ ಕಳೆಯಲು ನೀವು ಕಥೆ ಹೇಳುವವರು, ನಾನು ಹೂಂಗುಟ್ಟುವವಳು. ನಮ್ಮಲ್ಲಿ ಹಾಗೇ ಅಲ್ಲವೇ — ಕೇಳುವವರು ಹೂಂ ಅನ್ನುವುದನ್ನು ನಿಲ್ಲಿಸಿದರೆ ಹೇಳುವವರೂ ಅಲ್ಲಿಗೇ ನಿಲ್ಲಿಸಬೇಕು. ನಾನು ಒಂದು ಸಲ ತಪ್ಪಿದರೂ ನೀವು ಬಿಡುತ್ತಿರಲಿಲ್ಲ.

"ಹೂಂ ಅನ್ನವ್ವ ಸಾವಿತ್ರಿ! ಗೋಡೆಗೆ ಏಳ್ಲಾ ನಾನು ಕತೆಯ?"

ಕೆಂಪಿ ಎಂಬ ಹುಡುಗಿ ಕಾಡಿನ ಮುದುಕಿಯೊಬ್ಬಳ ಹತ್ತಿರ ಮಾಯಾವಿದ್ಯೆ ಕಲಿಯುತ್ತಾಳೆ. ಆನೆಯೊಡನೆ ಮಾತಾಡುತ್ತಾಳೆ, ಗಾಳಿಯಾಗಿ ಕಪಿಲೆ ಹೊಳೆಯನ್ನು ದಾಟುತ್ತಾಳೆ. ಆದರೆ ವಿದ್ಯೆ ಬಳಸಿದ ಪ್ರತಿ ಸಲವೂ ಏನಾದರೊಂದನ್ನು ಮರೆಯುತ್ತಾಳೆ. ಮೊದಲ ಭಾಗದ ಕೊನೆಗೆ ಮನೆಯ ದಾರಿಯೇ ಮರೆತುಹೋಗುತ್ತದೆ. ಕೆಂಪಿ ಯಾರೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಿಮ್ಮ ತವರಿನಲ್ಲಿ ಚಳಿಜ್ವರದಿಂದ ತೀರಿಕೊಂಡ ನಿಮ್ಮ ಮೊದಲ ಮಗಳು. ಆ ಮಗು ಹೋದಾಗ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಕಥೆಯಲ್ಲಿ ಮಾತ್ರ ನೀವು ಅವಳನ್ನು ಬೆಳೆಸಿದಿರಿ, ಎರಡು ಜಡೆ ಹಾಕಿದಿರಿ.

ಮೊದಲ ಭಾಗವನ್ನು ನೀವು ಹೇಳಿದ ಹಾಗೇ ಬರೆದೆ. ಕೃಷ್ಣರಾಜನಗರದ ಒಂದು ಅಚ್ಚುಕೂಟದವರು ಅಚ್ಚು ಹಾಕಿದರು. ಪಿರಿಯಾಪಟ್ಟಣದ ಸ್ಕೂಲು ಹುಡುಗಿಯರು ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಂಡು ಓದಿದರಂತೆ. ಸಂತೆಗೆ ಹೋದರೆ "ಕೆಂಪಿ ಕತೆ ಸಾವಿತ್ರಮ್ಮ ಇವ್ರೇಯ" ಅನ್ನುವವರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಎರಡನೇ ಭಾಗವನ್ನೂ ನೀವು ಹೇಳಿದಿರಿ. ಕೊನೆಗೆ ಕೆಂಪಿ ಕಾಡಿನಂಚಿನಲ್ಲಿ ನಿಂತು "ಅವ್ವಾ" ಎಂದು ಕೂಗುತ್ತಾಳೆ. ಒಲೆ ಮುಂದೆ ಕೂತ ಅವ್ವ "ಹೂಂ" ಅನ್ನುತ್ತಾಳೆ. ಆ ಹೂಂ ಹಿಡಿದುಕೊಂಡೇ ಕೆಂಪಿ ಮನೆಗೆ ಬಂದು ಮುದ್ದೆ ಉಣ್ಣುತ್ತಾಳೆ. ಅಷ್ಟೇ. ನನಗೆ ಸಪ್ಪೆ ಅನ್ನಿಸಿತು. ಅಚ್ಚುಕೂಟದ ಯಜಮಾನರು "ಓದ್ದೋರು ಅಳ್ಬೇಕು ಕಣಮ್ಮ" ಎಂದಿದ್ದು ನಿಜ. ಹೇಗೆ ಅಳಿಸಬೇಕೆಂದು ಅವರು ಹೇಳಲಿಲ್ಲ. ಅದು ನನಗೆ ಗೊತ್ತಿತ್ತು.

ಯಾಕೆಂದರೆ, ಒಂದು ಮಧ್ಯಾಹ್ನ ಚಪ್ಪರದಲ್ಲಿ ನಾವಿಬ್ಬರೇ ಇದ್ದಾಗ, ಕೈಯ ಎಲೆ ಕೆಳಗಿಟ್ಟು ನೀವು ಹೇಳಿದ್ದಿರಿ —

"ಅವತ್ತು ಬೆಳಗಿನ ಜಾವ ಕೂಸು 'ಅವ್ವಾ' ಅಂದಂಗಾಯ್ತು ಕಣವ್ವ. ನಿದ್ದೆಗೆಟ್ಟು ಕೆಟ್ಟು ಕಣ್ಣು ಅತ್ಬುಟ್ಟಿತ್ತು. ಕನಸು ಅನ್ಕಂಡೆ. ಹೂಂ ಅನ್ನನಿಲ್ಲ. ಎದ್ದು ಮುಟ್ತೀನಿ, ಮೈ ತಣ್ಣಗದೆ... ಯಾರ್ಗೂ ಏಳ್ಬ್ಯಾಡ. ನಿಮ್ಮಣ್ಣಂಗೂ ಏಳಿಲ್ಲ."

ಯಾರಿಗೂ ಹೇಳಲಿಲ್ಲ ಅತ್ತಿಗೆ. ಅಚ್ಚು ಹಾಕಿಸಿದೆ.

ಕೆಂಪಿ ಕೂಗುತ್ತಾಳೆ. ಒಲೆ ಮುಂದೆ ಅವ್ವನ ಕಣ್ಣು ಹತ್ತಿದೆ. ಕನಸು ಅಂದುಕೊಂಡು ಸುಮ್ಮನಿರುತ್ತಾಳೆ. ಕೆಂಪಿ ತಿರುಗಿ ಕಾಡಿಗೆ ಹೋಗಿಬಿಡುತ್ತಾಳೆ — ಹಾಗೆ ಬರೆದೆ. ಬರೆಯುತ್ತಾ ಅತ್ತುಬಿಟ್ಟೆ ಕೂಡ. ನನ್ನ ಕಣ್ಣೀರು ನೋಡಿ ನನಗೇ ಹೆಮ್ಮೆಯಾಯಿತು. ಥೂ, ನನ್ನ ಜನ್ಮಕ್ಕಿಷ್ಟು.

ಪುಸ್ತಕ ಬಂದಾಗ ನಿಮ್ಮೆದುರು ಓದಿದೆ. ಕೊನೆಯ ಪುಟಕ್ಕೆ ಬಂದಾಗ ಕಣ್ಣು ಅಕ್ಷರದ ಮೇಲಿಟ್ಟು ಬಾಯಲ್ಲಿ ನಿಮ್ಮ ಕೊನೆಯನ್ನೇ ಹೇಳಿದೆ. ಹೂಂ, ಮುದ್ದೆ, ಎಲ್ಲಾ. ನೀವು ಪುಸ್ತಕ ಇಸಿದುಕೊಂಡು ಕಣ್ಣಿಗೊತ್ತಿಕೊಂಡಿರಿ. ಆಗಲಾದರೂ ಹೇಳಬಹುದಿತ್ತು...

ನೀವು ಅದನ್ನು ತವರಿಗೆ ಒಯ್ಯುತ್ತೀರಿ ಎಂದು ನಾನೇನು ಕಂಡಿದ್ದೆ? ಅಲ್ಲಿ ನಿಮ್ಮ ತಮ್ಮ, ಮಗು ತೀರಿಕೊಂಡ ಅದೇ ಮನೆಯಲ್ಲಿ, ಎಲ್ಲರ ಮುಂದೆ ಗಟ್ಟಿಯಾಗಿ ಓದಿದನಂತೆ. ಕೊನೆಯ ಪುಟದಲ್ಲಿ ತಡವರಿಸಿದಾಗ ನೀವೇ "ಓದು" ಅಂದಿರಂತೆ.

ತವರಿನಿಂದ ಮರಳಿ ಬಂದು ನೀವು ಒಂದೇ ಮಾತು ಕೇಳಿದಿರಿ. "ಪುಸ್ತಕದಲ್ಲಿ ಅವಳವ್ವ ನಿದ್ದೆ ಮಾಡ್ತಾವ್ಳಲ್ಲ, ಯಾಕೆ?"

"ಅಚ್ಚಿನೋರು ಬದಲಾಯ್ಸವ್ರೆ ಅತ್ತಿಗೆ. ನಂಗೂ ಗೊತ್ತಿರ್ನಿಲ್ಲ."

"ಅಂಗಾ," ಅಂದಿರಿ. ಸೆರಗು ಸಿಕ್ಕಿಸಿಕೊಂಡು ಕೊಟ್ಟಿಗೆಗೆ ಹೋದಿರಿ. ಸದ್ಯ, ನಂಬಿದರು ಎಂದುಕೊಂಡೆ. ಎಂಥ ಪೆದ್ದಿ ನಾನು! ಆ ನಿದ್ದೆಯ ವಿಷಯ ಈ ಲೋಕದಲ್ಲಿ ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಅಚ್ಚಿನವರಿಗೆ ಹೇಗೆ ಗೊತ್ತಾದೀತು? ಸುಳ್ಳು ಬಾಯಿಂದ ಬೀಳುವಾಗಲೇ ನಿಮಗೆ ತಿಳಿದಿತ್ತು. ನನಗೆ ಇದು ಹೊಳೆದದ್ದು ಮುಂದಿನ ಬೆಳೆಯ ಸೊಪ್ಪು ಬಂದ ದಿನ.

ಅವತ್ತು ಚಪ್ಪರದಲ್ಲಿ ಎಲೆ ಕಟ್ಟುತ್ತಾ, ನಾಚಿಕೆ ಬಿಟ್ಟು ಮೂರನೇ ಭಾಗ ಹೇಳಿ ಎಂದೆ. ನೀವು ತಲೆ ಎತ್ತಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ನೀನೇ ಏಳವ್ವ. ನಾನು ಹೂಂ ಅಂತೀನಿ."

"ಕೆಂಪಿ..." ಅಂದೆ.

"ಹೂಂ."

ನಾನು ಬಾಯಿ ಬಿಡದಿದ್ದರೂ, ಕಡ್ಡಿ ಮುಗಿಸಿ ಇನ್ನೊಂದು ಎತ್ತಿಕೊಳ್ಳುವಾಗ ನೀವು ಇನ್ನೊಂದು ಸಲ "ಹೂಂ" ಅಂದಿರಿ. ಆಮೇಲೆ ಸಾಯುವವರೆಗೂ ನೀವು ಯಾರಿಗೂ ಕಥೆ ಹೇಳಲಿಲ್ಲ. ಮೊಮ್ಮಕ್ಕಳು ಕಾಡಿದಾಗಲೂ "ಮರ್ತೋಗದೆ ಬುಡಿ" ಅಂದಿರಿ. ಯಾಕೆಂದು ನನ್ನನ್ನು ಕೇಳಿದವರಿಗೆ, ವಯಸ್ಸಾಯಿತಲ್ಲ ಎಂದೆ. ಅದೂ ಸುಳ್ಳು.

ಕ್ಷಮೆ ಕೇಳುವುದಿಲ್ಲ. ನೀವು ಹೇಳಿದ್ದನ್ನು ಹೇಳಿದ ಹಾಗೆ ಒಂದು ಸಲ ಬರೆದುಬಿಡುತ್ತೇನೆ. ಕೆಂಪಿ ಕಾಡಿನಂಚಿನಲ್ಲಿ ನಿಂತು "ಅವ್ವಾ" ಎಂದಳು. ಅವಳವ್ವ ಎಚ್ಚರವಾಗಿಯೇ ಇದ್ದಳು. ಕೆಂಪಿ ಮನೆಗೆ ಬಂದಳು, ಕೈಕಾಲು ತೊಳೆದಳು, ಬಿಸಿ ಮುದ್ದೆ ಉಂಡಳು.

ಹೇಳಿ ಮುಗಿಸಿ ಕೂತಿದ್ದೇನೆ ಅತ್ತಿಗೆ. ಹೂಂ ಅನ್ನುವವರಿಲ್ಲ.